ಅರ್ಧ ಬೆರಳು ನೀರು

ಇದರಲ್ಲಿ ಕೆಲವು ವಿವರಗಳು ನನಗೆ ತಪ್ಪಾಗಿ ನೆನಪಿರಬಹುದು. ಕೆರೆ ಕೋಡಿ ಬಿದ್ದದ್ದು ದೀಪಾವಳಿಗೆ ಮುಂಚೆಯೋ ಆಮೇಲೋ, ದೊಡ್ಡಮ್ಮನಿಗೆ ಮೊದಲು ಆಪರೇಷನ್ ಆದದ್ದು ಎಡಗಣ್ಣಿಗೋ ಬಲಗಣ್ಣಿಗೋ ಎಂದು ಯಾರಾದರೂ ಪಟ್ಟು ಹಿಡಿದು ಕೇಳಿದರೆ ಡೈರಿ ತೆಗೆದು ನೋಡಬೇಕಾಗುತ್ತದೆ. ಡೈರಿಯಲ್ಲೂ ಎಲ್ಲ ಇಲ್ಲ. ಆ ಆರು ವಾರ ದಿನಕ್ಕೆ ಮೂರು ನಾಲ್ಕು ಸಾಲಿಗಿಂತ ಹೆಚ್ಚು ಬರೆದಿಲ್ಲ. ಬರೆದದ್ದರಲ್ಲಿ ಅರ್ಧ ಕಣ್ಣಿಗೆ ಹನಿ ಹಾಕಿದ ಹೊತ್ತು, ಇನ್ನರ್ಧ ಸಮುದ್ರ. ಈ ಪ್ರಸಂಗವನ್ನು ಈಗಾಗಲೇ ಎರಡು ಮೂರು ಕಡೆ ಬಾಯಿಮಾತಿನಲ್ಲಿ ಹೇಳಿದ್ದೇನೆ. ಹೇಳಿದಾಗಲೆಲ್ಲ ಅದು ಇನ್ನಷ್ಟು ಚಂದವಾಗುತ್ತ ಹೋಗುವುದನ್ನು ಕಂಡಿದ್ದೇನೆ. ಅದಕ್ಕೇ ಬರೆದಿಡುತ್ತಿದ್ದೇನೆ.

ನನ್ನ ಕೆಲಸ ಸಮುದ್ರದ್ದು. ಸಮುದ್ರಕ್ಕೆ ಇಳಿದು ಮಾಡುವ ಕೆಲಸವಲ್ಲ. ಕರಾವಳಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕುಳಿತು ಕಂಪ್ಯೂಟರಿನೊಳಗೆ ಸಮುದ್ರ ಕಟ್ಟುವ ಕೆಲಸ. ಅರಬ್ಬಿ ಸಮುದ್ರದ ನಮ್ಮ ಕಡೆಯ ಅಂಚನ್ನು ಸಾವಿರಾರು ಪೆಟ್ಟಿಗೆಗಳಾಗಿ ಭಾಗ ಮಾಡುತ್ತೇನೆ. ಒಂದೊಂದು ಪೆಟ್ಟಿಗೆಗೂ ಬಿಸಿ ಎಷ್ಟು, ಉಪ್ಪು ಎಷ್ಟು, ನೀರು ಯಾವ ಕಡೆ ಎಷ್ಟು ವೇಗದಲ್ಲಿ ಸರಿಯುತ್ತಿದೆ ಎಂದು ಹೇಳಿಕೊಟ್ಟು, ಮೇಲೆ ಗಾಳಿ ಬೀಸಿಸಿ, ಕೆಲವು ನಿಮಿಷಕ್ಕೊಮ್ಮೆ ಮುಂದೇನಾಗುತ್ತದೆ ಎಂದು ಲೆಕ್ಕ ಹಾಕಿಸುತ್ತೇನೆ. ಮುಂಗಾರಿನ ಗಾಳಿ ಬೀಸಿದಾಗ ಮೇಲಿನ ನೀರು ದಡ ಬಿಟ್ಟು ದೂರ ಸರಿಯುತ್ತದೆ. ಆ ಜಾಗಕ್ಕೆ ಆಳದ ತಣ್ಣನೆಯ ನೀರು ಎದ್ದು ಬರುತ್ತದೆ. ಆ ನೀರಿನಲ್ಲಿ ಸಾರ ಇರುತ್ತದೆ. ಸಾರಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಚಿಗುರುತ್ತದೆ, ಪಾಚಿಯನ್ನು ಸಣ್ಣ ಹುಳಗಳು ತಿನ್ನುತ್ತವೆ, ಅವುಗಳ ಮೇಲೆ ಬೂತಾಯಿ ಮೀನು ಬದುಕುತ್ತದೆ. ನನ್ನ ಪಿಎಚ್‌ಡಿ ಪ್ರಬಂಧದ ಮೊದಲರ್ಧ ನೀರಿನ ಹರಿವು. ಎರಡನೆಯ ಅರ್ಧ ಈ ಜೀವಗಳು.

ಮೊದಲರ್ಧ ಸರಿಯಾಗಿತ್ತು. ಎರಡನೆಯದು ಸಾಯುತ್ತಿತ್ತು. ಮೊದಲ ವರ್ಷ ಪಾಚಿ ಹುಲುಸಾಗಿ ಬರುತ್ತಿತ್ತು. ಮರುವರ್ಷ ಒಂದಿಷ್ಟು ಕಡಿಮೆ. ಐದನೆಯ ಮುಂಗಾರಿಗೆ ಗಾಳಿಯೂ ಬೀಸಿ, ಆಳದ ನೀರೂ ಎದ್ದು ಬಂದು, ಆ ನೀರಿನಲ್ಲಿ ಏನೂ ಇರುತ್ತಿರಲಿಲ್ಲ. ಇದು ಕಂಪ್ಯೂಟರಿನ ಒಳಗಿನ ಐದು ವರ್ಷ. ಹೊರಗೆ ಆ ಲೆಕ್ಕ ಮುಗಿಯಲು ಹನ್ನೊಂದು ದಿನ ಬೇಕು. ಪರೀಕ್ಷಕರು ಪ್ರಬಂಧವನ್ನು ಎರಡು ಪ್ರಶ್ನೆಗಳ ಜೊತೆ ವಾಪಸ್ ಕಳಿಸಿದ್ದರು. ನಿಮ್ಮ ಸಮುದ್ರ ಯಾಕೆ ಬರಡಾಗುತ್ತದೆ? ಅಳತೆಯೇ ಇಲ್ಲದ ಜಾಗಗಳಲ್ಲಿ ನಿಮ್ಮ ಲೆಕ್ಕವನ್ನು ಯಾವ ಆಧಾರದ ಮೇಲೆ ನಂಬುತ್ತೀರಿ? ಉತ್ತರಕ್ಕೆ ಎರಡು ತಿಂಗಳ ಗಡುವು. ಒಮ್ಮೆ ಗಡುವು ಮುಂದೆ ಹಾಕಿಸಿಕೊಂಡಾಗಿತ್ತು. ಈ ಸಲ ಆಗದಿದ್ದರೆ ನೋಂದಣಿ ರದ್ದಾಗಿ ಏಳು ವರ್ಷದ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಶಿರಾದ ಒಂದು ಕಾಲೇಜಿನಲ್ಲಿ ತಾತ್ಕಾಲಿಕ ಪಾಠದ ಕೆಲಸ ಇದೆ ಎಂದು ಗೆಳತಿಯೊಬ್ಬಳು ಹೇಳಿದ್ದಳು. ಅದು ಕೆಟ್ಟ ಕೆಲಸವೇನಲ್ಲ. ಆದರೆ ಸೋತು ಹೋಗಿ ಸೇರುವ ಕೆಲಸವಾಗಬಾರದು ಎಂದುಕೊಂಡಿದ್ದೆ.

ಅದೇ ವಾರ ದೊಡ್ಡಮ್ಮನಿಗೆ ಮಧುಗಿರಿಯಲ್ಲಿ ಕಣ್ಣಿನ ಪೊರೆಯ ಆಪರೇಷನ್. ದೊಡ್ಡಮ್ಮ ನನ್ನ ಅಮ್ಮನ ಅಕ್ಕ. ಪುರವರದಿಂದ ಒಳಗೆ ಹೋಗುವ ಒಂದು ಊರಲ್ಲಿ ಇರುತ್ತಾಳೆ; ನಾನು ಬೆಳೆದದ್ದೂ ಅಲ್ಲೇ. ಹನಿ ಹಾಕಲು ಒಬ್ಬರು ಬೇಕಿತ್ತು. ನಾನು ಲ್ಯಾಪ್‌ಟಾಪ್ ಹೊತ್ತುಕೊಂಡು ಬಂದೆ. ಆಸ್ಪತ್ರೆಯಲ್ಲಿ ಡಾಕ್ಟರು ಟಾರ್ಚು ಬಿಟ್ಟು ನೋಡಿ, "ಎಷ್ಟು ದಿನದಿಂದ ಕಾಣ್ತಿಲ್ಲಮ್ಮ?" ಎಂದರು.

"ಈಗ್ ಒಂದ್ ತಿಂಗ್ಳಿಂದ ಒಸಿ ಮಂಜು ಮಂಜು ಅಂಗೈತೆ ಕಣಪ್ಪ."

ಡಾಕ್ಟರು ನನ್ನ ಕಡೆ ತಿರುಗಿದರು. "ತಿಂಗಳಲ್ಲ, ಎರಡು ವರ್ಷದ ಮೇಲಾಗಿರಬೇಕು. ಎರಡೂ ಕಣ್ಣು ಪೂರಾ ಬೆಳ್ಳಗಾಗಿವೆ. ಇವರು ಒಬ್ಬರೇ ಹೇಗೆ ಓಡಾಡ್ತಿದ್ರು?"

"ಕಾಲಲ್ಲಿ," ಎಂದಳು ದೊಡ್ಡಮ್ಮ.

ನರ್ಸ್ ನಕ್ಕಳು. ನನಗೆ ನಗು ಬರಲಿಲ್ಲ, ಯಾಕೆಂದರೆ ಆ ಎರಡೂ ವರ್ಷ ಅವಳು ಕೆರೆ ನಡೆಸಿದ್ದಳು.

ದೊಡ್ಡಮ್ಮ ಊರಿನ ನೀರುಗಂಟಿ. ಕೆರೆಯ ತೂಬು ಎತ್ತುವುದು, ಇಳಿಸುವುದು, ಕಾಲುವೆಯಲ್ಲಿ ನೀರನ್ನು ಗದ್ದೆಯಿಂದ ಗದ್ದೆಗೆ ತಿರುಗಿಸುವುದು ನೀರುಗಂಟಿಯ ಕೆಲಸ. ದೊಡ್ಡಪ್ಪನ ಮನೆತನಕ್ಕೆ ಬಂದದ್ದು ಅದು. ಅವನು ತೀರಿಕೊಂಡ ಮೇಲೆ ಗುದ್ದಲಿ ಇವಳೇ ಹಿಡಿದಳು. ಕೆರೆಯ ಕೆಳಗೆ ನಮ್ಮ ಮನೆಗೆ ಒಂದು ಗುಂಟೆ ಗದ್ದೆಯೂ ಇಲ್ಲ. ನೀರು ಹಂಚುವವನಿಗೆ ಗದ್ದೆ ಇರಬಾರದು, ಇದ್ದರೆ ನೀರು ಅಲ್ಲಿಗೇ ತಿರುಗುತ್ತದೆ ಎಂದು ಊರಿನವರು ಹೇಳುತ್ತಾರೆ. ಗದ್ದೆ ಇಲ್ಲದ್ದಕ್ಕೆ ಬೇರೆ ಕಾರಣಗಳೂ ಇವೆ. ಅವನ್ನು ಅವರು ಹೇಳುವುದಿಲ್ಲ. ಕಾಲೊನಿಯ ನಮ್ಮ ಮನೆಯ ನಡುಗೋಡೆಯಲ್ಲಿ ಬುದ್ಧನ ಪಟವಿದೆ. ಅದರ ಕೆಳಗೆ ಮೊಳೆಗೆ ತೂಬಿನ ಹಗ್ಗ ನೇತುಹಾಕಿರುತ್ತದೆ.

ಹಿಂದಿನ ಎರಡು ವರ್ಷದ ಹಾಗೆ ಆ ವರ್ಷವೂ ಕೆರೆ ತುಂಬಿತ್ತು. ಕೆರೆ ತುಂಬಿದ ವರ್ಷ ಊರಲ್ಲಿ ಒಂದು ಪದ್ಧತಿ. ನಾಟಿಗೆ ಮುಂಚೆ ಎಲ್ಲರೂ ಏರಿಯ ಮೇಲೆ ಸೇರುತ್ತಾರೆ. ಈ ಬೆಳೆಗೆ ಎಷ್ಟು ಸರದಿ ನೀರು ಸಿಗುತ್ತದೆ ಎಂದು ನೀರುಗಂಟಿ ಒಂದೇ ಸಲ, ಎಲ್ಲರೂ ಕೇಳುವಂತೆ ಹೇಳಬೇಕು. ಹೇಳಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಆ ಮಾತಿನ ಮೇಲೆ ಎಷ್ಟು ಗದ್ದೆಗೆ ಭತ್ತ, ಎಷ್ಟಕ್ಕೆ ರಾಗಿ ಎಂದು ಜನ ತೀರ್ಮಾನಿಸುತ್ತಾರೆ. ಒಂದು ಸರದಿ ಹೆಚ್ಚು ಹೇಳಿಬಿಟ್ಟರೆ ಕೊನೆಯಲ್ಲಿ ಕಾಳು ಕಟ್ಟುವ ಹೊತ್ತಿಗೆ ಕೆರೆಯಲ್ಲಿ ಕೆಸರು ಉಳಿಯುತ್ತದೆ. ದೊಡ್ಡಮ್ಮನ ಕಣ್ಣಿಗೆ ಧೂಳು, ನೀರು ಎರಡೂ ತಾಕಬಾರದು ಎಂದಿದ್ದರು ಡಾಕ್ಟರು. ಹಸಿರು ಕನ್ನಡಕ ಹಾಕಿಕೊಂಡು ಜಗುಲಿಯ ಮೇಲೆ ಕುಳಿತು ಅವಳು ನನ್ನನ್ನು ಕೆರೆಗೆ ಅಟ್ಟುತ್ತಿದ್ದಳು.

ಹೇಗೂ ನಾನು ಏರಿಗೆ ಹೋಗಲೇಬೇಕಿತ್ತು. ಊರೊಳಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಏರಿಯ ಮೇಲಿನ ಹೊಂಗೆ ಮರದ ಕೆಳಗೆ ಸಿಗುತ್ತಿತ್ತು. ಅಲ್ಲಿ ಕಲ್ಲಿನ ಮೇಲೆ ಗೋಣಿ ಹಾಸಿ, ಫೋನಿನಿಂದ ಲ್ಯಾಪ್‌ಟಾಪಿಗೆ ಸಂಪರ್ಕ ಕೊಟ್ಟು, ಕರಾವಳಿಯ ದೊಡ್ಡ ಕಂಪ್ಯೂಟರಿನಲ್ಲಿ ನನ್ನ ಸಮುದ್ರ ಆ ಹೊತ್ತಿಗೆ ಎಷ್ಟನೆಯ ವರ್ಷಕ್ಕೆ ಬಂದಿದೆ ಎಂದು ನೋಡುತ್ತಿದ್ದೆ. ಕಾಲುವೆಯ ಕಟ್ಟಕಡೆಯ ಗದ್ದೆಯವಳು, ಪಾವಗಡದ ಕಡೆಯಿಂದ ಈ ಊರಿಗೆ ಸೊಸೆಯಾಗಿ ಬಂದು ಇನ್ನೂ ಮಾತಿಗೆ ತೆಲುಗು ಬೆರೆಸುವವಳು, ಹುಲ್ಲು ಕೊಯ್ಯಲು ದಿನಾ ಆ ದಾರಿಯಲ್ಲೇ ಬರುತ್ತಿದ್ದಳು.

"ಏಮ್ಮಾ, ನಿನ್ ಸಮುದ್ರ ಇವತ್ತಾದ್ರೂ ಬದುಕ್ತಾ?"

"ಇಲ್ಲಕ್ಕ. ನಾಕ್ನೇ ವರ್ಷಕ್ಕೇ ಸೊರಗೋಯ್ತು."

"ಸರ್ಲೇ, ಅದ್ರ ತಿಥಿಗೆ ಹೇಳ್ಕಳಿಸು. ನಿಮ್ ದೊಡ್ಡಮ್ಮ ಎಷ್ಟ್ ಸರದಿ ಅಂತ ಏನಾದ್ರೂ ಬಾಯ್ ಬುಟ್ಲಾ?"

"ಇನ್ನೂ ಇಲ್ಲ."

"ಬುಡಲ್ಲ ಬುಡು. ಅವ್ಳ ಬಾಯಿ ತೂಬಿಗಿಂತ ಬಿಗಿ."

ಒಂದು ದಿನ ಮಾರ್ಗದರ್ಶಕರು ಫೋನ್ ಮಾಡಿದರು. ಒಳ್ಳೆಯ ಮನುಷ್ಯ; ನನ್ನ ಒಳ್ಳೆಯದಕ್ಕೇ ಹೇಳಿದರು. ಹರಿವಿನ ಭಾಗ ಗಟ್ಟಿಯಾಗಿದೆ, ಅಷ್ಟನ್ನೇ ಕೊಟ್ಟು ಪದವಿ ತೆಗೆದುಕೊಳ್ಳಿ, ಜೀವದ ಭಾಗವನ್ನು ಕೈಬಿಡಿ, ಮುಂದೆಂದಾದರೂ ಮಾಡಿದರಾಯಿತು. ಯೋಚಿಸಿ ಹೇಳುತ್ತೇನೆ ಎಂದೆ. ಮನೆಗೆ ಬಂದು ದೊಡ್ಡಮ್ಮನಿಗೆ ಹನಿ ಹಾಕುತ್ತ ಅದನ್ನೇ ಹೇಳಿದೆ. ಕಣ್ಣು ಮುಚ್ಚಿಕೊಂಡೇ ಕೇಳಿದಳು: "ಅಂಗಂದ್ರೆ ನೀರು ಎಲ್ಲಿಗೋಯ್ತದೆ ಅಂತ ಗೊತ್ತಾಯ್ತದೆ, ಏನ್ ಬೆಳೀತದೆ ಅಂತ ಗೊತ್ತಾಗಲ್ಲ, ಅಷ್ಟೇನಾ?" ಅಷ್ಟೇ ಎಂದೆ. "ಅಂಗಾರೆ ಯಾಕ್ ಬುಡಬೇಕು ನೀರ್ನ," ಎಂದಳು. ಈ ಮಾತು ಡೈರಿಯಲ್ಲಿದೆ, ಅವಳ ಮಾತಿನಲ್ಲೇ ಇದೆ. ಅವಳು ಹೇಳಿದಳೆಂದು ನಾನು ತೀರ್ಮಾನಿಸಲಿಲ್ಲ. ಫೋನ್ ಇಡುವ ಮೊದಲೇ ತೀರ್ಮಾನಿಸಿದ್ದೆ ಅನ್ನಿಸುತ್ತದೆ. ಮಾರನೆಯ ದಿನ ಮಾರ್ಗದರ್ಶಕರಿಗೆ ಬರೆದೆ: ಕೈಬಿಡುವುದಿಲ್ಲ.

ಸರದಿ ಹೇಳುವ ದಿನಕ್ಕೆ ಎರಡು ದಿನವಿತ್ತು. ನೀರಿನ ಮಟ್ಟ ನೋಡಿಕೊಂಡು ಬಾ ಎಂದಳು. ತೂಬಿನ ಕಲ್ಲುಕಂಬದಲ್ಲಿ ಅಡ್ಡ ಗೀಟುಗಳಿವೆ. ನೀರಿನ ಮೇಲೆ ಕಾಣುವ ಮೊದಲ ಗೀಟಿನಿಂದ ನೀರಿನವರೆಗೆ ಎಷ್ಟು ಬೆರಳು ಎಂದು ಬೆರಳಿಟ್ಟು ಅಳೆಯಬೇಕು. ಅಂದು ಸಂಜೆ ಕಂಪ್ಯೂಟರಿನ ಕೆಲಸ ಮುಗಿಸಿ ಏಳುವಾಗ ಮೆಟ್ಟಿಲಿಳಿದು ಅಳೆದೆ. ಮೂರು ಬೆರಳು. ಮೂರಕ್ಕೆ ಒಂಬತ್ತು ಸರದಿ, ಅದು ಊರಲ್ಲಿ ಎಲ್ಲರಿಗೂ ಬಾಯಿಪಾಠ. ಸಂತೋಷದಿಂದ ಬಂದು ಹೇಳಿದೆ.

"ಯಾವೊತ್ನಲ್ಲಿ ನೋಡ್ದೆ?"

"ಈಗ್ಲೇ, ಬರೋವಾಗ."

"ಗಾಳಿ ಇತ್ತಾ?"

ಇತ್ತು. ಏರಿಯ ಕಡೆಗೇ ಬೀಸುತ್ತಿತ್ತು.

"ಅಯ್ಯೋ ನಿನ್ ಓದಿಗಿಷ್ಟು. ಗಾಳಿ ನೀರ್ನೆಲ್ಲ ಏರಿಗೆ ಒತ್ರಿಸಿ ನಿಲ್ಸಿರ್ತದೆ. ಬೆಳಿಗ್ಗೆ ಗಾಳಿ ಏಳೋಕ್ ಮುಂಚೆ ನೋಡ್ಬೇಕು ಕಣಮ್ಮ. ಸಮುದ್ರಕ್ಕೆ ಗಾಳಿ ಬುಡ್ತೀನಿ ಅಂತೀಯ, ಕೆರೆಗೆ ಗಾಳಿ ಐತೆ ಅಂತ ಗೊತ್ತಿಲ್ವಾ?"

ನನಗೆ ಮುಖ ಬಿಸಿಯಾಯಿತು. ಏಳು ವರ್ಷದಿಂದ ನಾನು ಮಾಡುತ್ತಿರುವುದು ಅದೇ, ಗಾಳಿ ನೀರನ್ನು ದಡಕ್ಕೆ ತಳ್ಳುವುದರ, ದಡದಿಂದ ಎಳೆಯುವುದರ ಲೆಕ್ಕ. ಚಿಕ್ಕಂದಿನಿಂದ ಈಜಿದ ಕೆರೆ ಎಂಬ ಕಾರಣಕ್ಕೋ ಏನೋ, ಅದನ್ನು ನಾನು ತಟ್ಟೆಯಲ್ಲಿಟ್ಟ ನೀರಿನಂತೆ ಭಾವಿಸಿದ್ದೆ. ಬೆಳಿಗ್ಗೆ ಸೂರ್ಯ ಹುಟ್ಟುವ ಹೊತ್ತಿಗೆ ಹೋಗಿ ಅಳೆದೆ. ನೀರು ಕನ್ನಡಿಯ ಹಾಗಿತ್ತು. ಮೂರೂವರೆ ಬೆರಳು, ಎಂದರೆ ಸಂಜೆ ಕಂಡದ್ದಕ್ಕಿಂತ ನೀರು ಅರ್ಧ ಬೆರಳು ಕೆಳಗಿತ್ತು.

ಆಮೇಲೆ ಹಟಕ್ಕೆ ಬಿದ್ದು, ಸಮುದ್ರಕ್ಕೆ ಬಳಸುವ ಸೂತ್ರವನ್ನೇ ನಮ್ಮ ಕೆರೆಯ ಅಗಲಕ್ಕೂ ಆಳಕ್ಕೂ ಹಾಕಿ ನೋಡಿದೆ. ಅಷ್ಟು ಸಣ್ಣ ಕೆರೆಯಲ್ಲಿ ಅಂಥ ಗಾಳಿಗೆ ನೀರು ಏರುವುದು ರಾಗಿ ಕಾಳಿನ ದಪ್ಪದಷ್ಟೂ ಇಲ್ಲ. ಅಲೆಯ ತುದಿಯನ್ನು ನೀರಿನ ಮಟ್ಟ ಎಂದು ನಾನು ಅಳೆದಿರಬಹುದು. ತೂಬಿನ ಸಂದಿಯಲ್ಲಿ ಸೋರಿರಬಹುದು. ನನ್ನ ಬೆರಳೇ ಓರೆಯಾಗಿರಬಹುದು. ಇದನ್ನೆಲ್ಲ ಹೋಗಿ ದೊಡ್ಡಮ್ಮನಿಗೆ ವಿವರಿಸಿದೆ. ಗಾಳಿಯಲ್ಲ ಎಂದು ಸಾಧಿಸುವುದೇ ನನಗೆ ಮುಖ್ಯವಾಗಿತ್ತು.

"ಗಾಳಿನೋ ದೂಳೋ, ಅರ್ಧ ಬೆರಳು ಕಾಣ್ತಿಲ್ವಲ್ಲ," ಎಂದಳು. "ಎಲ್ಲಿಗೋಯ್ತು ಅಂತ ನೀನ್ ಕೂತ್ಕಂಡು ಹುಡುಕು. ನಾನ್ ಕಮ್ಮಿದೇ ಹಿಡೀತೀನಿ."

"ಅರ್ಧ ಬೆರಳಿಗೆ ಏನಾಗುತ್ತೆ ದೊಡ್ಡಮ್ಮ?"

"ನಿನ್ ಲೋಟದಾಗಿನ ಅರ್ಧ ಬೆರಳಲ್ಲ ಕಣೇ. ಇಡೀ ಕೆರೆ ಮ್ಯಾಲಿನ ಅರ್ಧ ಬೆರಳು. ಅದೇ ಒಂದ್ ಸರದಿ."

ಈಗ ತಪ್ಪು ಸಿಕ್ಕಿದ ವಿಷಯ. ಕಂಪ್ಯೂಟರಿನೊಳಗೆ ಕಟ್ಟಿದ ಸಮುದ್ರದ ಮಾದರಿಯನ್ನು ಪರೀಕ್ಷಿಸುವ ಒಂದು ಸರಳ ವಿಧಾನವಿದೆ. ಎಲ್ಲ ಕಡೆಯಿಂದಲೂ ಬಾಗಿಲು ಮುಚ್ಚಿ, ಒಳಗೆ ಏನೂ ಬರದಂತೆ, ಹೊರಗೆ ಏನೂ ಹೋಗದಂತೆ ಮಾಡಿ ಓಡಿಸಬೇಕು. ಆಗ ನೀರಿನಲ್ಲಿ ಕರಗಿರುವ ಸಾರ, ಪಾಚಿ, ಹುಳ, ಕೊಳೆತ ಕಸ ಎಲ್ಲ ಕೂಡಿದರೆ ಮೊದಲಿದ್ದಷ್ಟೇ ಇರಬೇಕು. ನಾನು ಆ ಪರೀಕ್ಷೆ ಮಾಡಿದ್ದೆ, ಮೂರು ವರ್ಷದ ಹಿಂದೆ. ದಶಾಂಶದ ಬಿಂದು ದಾಟಿ ಐದನೆಯ ಅಂಕಿಯಲ್ಲಿ ಚೂರು ಕಡಿಮೆ ಬಂದಿತ್ತು. ಯಂತ್ರ ಅಂಕಿಗಳನ್ನು ಮೊಟಕು ಮಾಡುವಾಗ ಅಷ್ಟು ಆಗುತ್ತದೆ ಎಂದುಕೊಂಡು ಮುಂದೆ ಹೋಗಿದ್ದೆ. ಅಷ್ಟೇ ಚೂರು ಲೆಕ್ಕದ ಪ್ರತಿ ಹೆಜ್ಜೆಗೂ ಹೋಗುತ್ತಿದ್ದರೆ ಐದು ವರ್ಷದಲ್ಲಿ ಎಷ್ಟಾಗುತ್ತದೆ ಎಂದು ಕೂಡಿರಲಿಲ್ಲ.

ಗೋಡೆಯ ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಬೆನ್ನಿಗೆ ಮಾದರಿಯ ಒಂದೊಂದು ಭಾಗದ ಹೆಸರು ಬರೆದೆ. ಒಂದೊಂದನ್ನೇ ನಿಲ್ಲಿಸಿ ಪರೀಕ್ಷೆ ಓಡಿಸುವುದು, ಕೂಡುವುದು, ಆಗಲೂ ಕಡಿಮೆಯೇ ಬಂದರೆ ಆ ಹೆಸರನ್ನು ಹೊಡೆದುಹಾಕುವುದು. ಪಾಚಿ ಬೆಳೆಯುವ ಭಾಗ, ಹುಳ ತಿನ್ನುವ ಭಾಗ, ಬೆಳಕು, ಗಾಳಿ, ಕಲಕಾಟ. ನಡುವೆ ಹನಿ ಹಾಕಲು ಮನೆಗೆ ಓಡುವುದು, ವಾಪಸ್ ಬರುವುದು. ಹನ್ನೊಂದು ಭಾಗ ಹೊಡೆದುಹಾಕಿದ ಮೇಲೆ ಉಳಿದದ್ದರಲ್ಲಿ ಒಂದು, ಸತ್ತ ಪಾಚಿ ಕೆಳಗೆ ಇಳಿಯುವ ಭಾಗ. ಅದನ್ನು ನಿಲ್ಲಿಸಿದೆ. ಮೊತ್ತ ಕೊನೆಯ ಅಂಕಿಯವರೆಗೂ ಕದಲಲಿಲ್ಲ.

ನಾನೇ ಬರೆದ ಸಾಲುಗಳು. ಸತ್ತ ಪಾಚಿಯನ್ನು ಪ್ರತಿ ಪೆಟ್ಟಿಗೆ ತನ್ನ ಕೆಳಗಿನ ಪೆಟ್ಟಿಗೆಗೆ ದಾಟಿಸಬೇಕು ಎಂದು ಬರೆದಿದ್ದೆ. ಎಲ್ಲಕ್ಕಿಂತ ಕೆಳಗಿನ ಪೆಟ್ಟಿಗೆಯೂ ಹಾಗೇ ದಾಟಿಸುತ್ತಿತ್ತು. ಅದರ ಕೆಳಗೆ ಪೆಟ್ಟಿಗೆ ಇರಲಿಲ್ಲ. ತಳ ಮುಟ್ಟಿದ್ದು ತಳದಲ್ಲಿ ಕೊಳೆತು ಸಾರವಾಗಿ, ಮುಂದಿನ ಮುಂಗಾರಿಗೆ ಮೇಲೆದ್ದು ಬರಬೇಕಿತ್ತು. ಬದಲಿಗೆ ಪ್ರತಿ ಹೆಜ್ಜೆಗೂ ಚೂರು ಚೂರು ಇಲ್ಲವಾಗುತ್ತಿತ್ತು. ಬೇಸಿಗೆಯಲ್ಲಿ ಒಣಗಿದ ಕೆರೆಯ ತಳದಿಂದ ಗೋಡು ಮಣ್ಣು ಅಗೆದು ಗದ್ದೆಗೆ ಹೊಡೆಯುವ ಊರು ನಮ್ಮದು. ಆ ಮಣ್ಣಿನ ಬುಟ್ಟಿಯನ್ನು ನಾನೇ ತಲೆಯ ಮೇಲೆ ಹೊತ್ತಿದ್ದೇನೆ. ತಳ ಏನು ಕೊಡುತ್ತದೆ ಎಂದು ಗೊತ್ತಿರುವ ನಾನೇ ನನ್ನ ಸಮುದ್ರಕ್ಕೆ ತಳ ಹಾಕುವುದನ್ನು ಮರೆತಿದ್ದೆ.

ಇದನ್ನು ನಾನು ಬೇರೆಯವರಿಗೆ ಹೇಳುವಾಗ ಕ್ರಮ ಹೀಗಿರುತ್ತದೆ: ದೊಡ್ಡಮ್ಮ ಅರ್ಧ ಬೆರಳಿನ ಮಾತು ಹೇಳಿದಳು, ನನಗೆ ಹೊಳೆಯಿತು, ಏರಿಗೆ ಓಡಿದೆ. ಕೇಳಿದವರ ಮುಖ ಅರಳುತ್ತದೆ. ಡೈರಿಯ ಪುಟ ಬೇರೆ ಥರ ಇದೆ. ಬೆಳಿಗ್ಗೆ ನೀರು ಅಳೆದ ಆ ಬುಧವಾರದ ಪುಟದಲ್ಲಿ ಮೇಲೆ "ತಳ ಸೋರುತ್ತಿದೆ, ಸಿಕ್ಕಿತು" ಎಂದಿದೆ. ಅದರ ಕೆಳಗೆ, ಬೇರೆ ಶಾಯಿಯಲ್ಲಿ, ಅರ್ಧ ಬೆರಳಿನ ಮಾತು. ಕಂಪ್ಯೂಟರಿನ ದಾಖಲೆ ತೆಗೆದು ನೋಡಿದೆ. ಆ ಸಾಲುಗಳನ್ನು ತಿದ್ದಿದ್ದು ಬುಧವಾರ ಬೆಳಿಗ್ಗೆ ಎಂಟಕ್ಕೆ ಮುಂಚೆ ಎಂದು ತೋರಿಸುತ್ತದೆ. ನೀರು ಅಳೆದು ಬಂದು, ಸೂತ್ರ ಹಾಕಿ, ದೊಡ್ಡಮ್ಮನ ಹತ್ತಿರ ಜಗಳವಾಡಿ, ಹನ್ನೊಂದು ಭಾಗ ಪರೀಕ್ಷಿಸಿ, ಎಲ್ಲವನ್ನೂ ಎಂಟು ಗಂಟೆಯೊಳಗೆ ಮುಗಿಸಲು ಸಾಧ್ಯವಿಲ್ಲ. ಕ್ಯಾಲೆಂಡರಿನ ಹಾಳೆಯನ್ನು ನಾನು ಅದಕ್ಕೆ ಮೊದಲೇ ಹರಿದಿರಬೇಕು. ಹಾಗಾದರೆ ಹೊಳೆಸಿದ್ದು ಅವಳ ಮಾತಲ್ಲ. ಇಲ್ಲವೇ ಆ ಮಾತನ್ನು ಅವಳು ಹಿಂದೆಯೂ ಎಂದಾದರೂ ಹೇಳಿದ್ದು, ನಾನು ಕೇಳಿಸಿಕೊಂಡು ಮರೆತದ್ದು ಇರಬಹುದು. ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಇನ್ನು ಮೇಲೆ ಗೊತ್ತಿದೆಯೆಂದು ಹೇಳಬಾರದು ಎಂದುಕೊಂಡಿದ್ದೇನೆ.

ಗುರುವಾರ ಏರಿಯ ಮೇಲೆ ಜನ ಸೇರಿದರು. ದೊಡ್ಡಮ್ಮನನ್ನು ಕೈ ಹಿಡಿದು ಕರೆದುಕೊಂಡು ಹೋದೆ. ಹಸಿರು ಕನ್ನಡಕದ ಮೇಲೆ ಸೆರಗು ಹೊದ್ದಿದ್ದಳು. "ಎಂಟು ಸರದಿ," ಎಂದಳು.

"ಲೇ, ಮೂರ್ ಬೆರಳೈತೆ ಕಣಮ್ಮ, ನಾನೇ ನೋಡಿದ್ದೀನಿ. ಒಂಬತ್ತು ಬರ್ತದೆ," ಎಂದ ಒಬ್ಬ.

"ನೀನ್ ಸಂಜೆ ನೋಡಿದ್ದೀಯ."

"ಕನ್ನಡಕ ಹಾಕ್ಕಂಡು ಕೆರೆನೂ ಸಣ್ಣದಾಗ್ ಕಾಣ್ತದೇನೋ ಇವ್ಳಿಗೆ."

ಜನ ನಕ್ಕರು. ಅವಳೂ ನಕ್ಕಳು. "ಎಂಟು," ಎಂದಳು ಮತ್ತೆ. ಕಡೆಯ ಗದ್ದೆಯವಳು ಮಾತ್ರ, "ಸರ್ಲೇ, ಎಂಟಂದ್ರೆ ಎಂಟು. ಹೋದ್ ವರ್ಷನೂ ಇವ್ಳು ಹೇಳ್ದಂಗೇ ಆಯ್ತು ಕದಾ," ಎಂದು ಕುಡುಗೋಲು ಎತ್ತಿಕೊಂಡು ಹೊರಟಳು. ಹೋದ ವರ್ಷ ಎಂಬ ಮಾತು ನನಗೆ ಅಲ್ಲೇ ಚುಚ್ಚಿತು. ಹೋದ ವರ್ಷ ದೊಡ್ಡಮ್ಮನಿಗೆ ಕಣ್ಣು ಕಾಣುತ್ತಿರಲಿಲ್ಲ.

ತಳ ಹಾಕಿದ ಸಮುದ್ರವನ್ನು ಮತ್ತೆ ಮೊದಲಿನಿಂದ ಓಡಿಸಿದೆ. ಹನ್ನೊಂದು ದಿನ, ಪ್ರತಿದಿನ ಬೆಳಿಗ್ಗೆ ಹೊಂಗೆ ಮರದ ಕೆಳಗೆ. ಆರನೆಯ ದಿನ ಕರಾವಳಿಯ ಕಂಪ್ಯೂಟರ್ ನಡುವೆ ನಿಂತಿತು. ನಿಂತಲ್ಲಿಂದ ಎಬ್ಬಿಸಿ ಮತ್ತೆ ಓಡಿಸಿದೆ. ಐದನೆಯ ವರ್ಷದ ಮುಂಗಾರು ಬಂದಾಗ ದಡದ ಗುಂಟ ಪರದೆಯ ಮೇಲೆ ಹಸಿರು ಬಂತು. ಮೊದಲ ವರ್ಷದಷ್ಟು ಹುಲುಸಲ್ಲ, ಆದರೆ ಬಂತು. ಇನ್ನೆರಡು ದಿನ ಮುಂದಕ್ಕೆ ಓಡಿಸಿದಾಗ ಆರನೆಯ ವರ್ಷವೂ ಬಂತು. ಕೆರೆಯದ್ದು ಇಷ್ಟು ಸ್ಪಷ್ಟವಾಗಿ ಮುಗಿಯಲಿಲ್ಲ. ಎಂಟನೆಯ ಸರದಿಗೆ ಮುಂಚೆ ಒಂದು ಅಕಾಲದ ಮಳೆ ಬಿದ್ದು ಕೆರೆಗೆ ಇನ್ನಷ್ಟು ನೀರು ಬಂತಂತೆ. ಎಂಟೇ ಸರಿಯಿತ್ತೋ ಒಂಬತ್ತು ಆಗುತ್ತಿತ್ತೋ, ಇನ್ನು ಯಾರೂ ಹೇಳಲಾರರು.

ಮೌಖಿಕ ಪರೀಕ್ಷೆಯಲ್ಲಿ ಮೊದಲ ಪ್ರಶ್ನೆಗೆ ನನ್ನಲ್ಲಿ ಉತ್ತರವಿತ್ತು. ಎರಡನೆಯದನ್ನು ಅವರು ಮತ್ತೆ ಕೇಳಿದರು: ಅಳತೆಯೇ ಇಲ್ಲದ ಕಡೆ ನಿಮ್ಮ ಲೆಕ್ಕವನ್ನು ಹೇಗೆ ನಂಬುತ್ತೀರಿ? ಏನೂ ಕಳೆದುಹೋಗಿಲ್ಲ ಎಂಬುದನ್ನಷ್ಟೇ ಖಚಿತವಾಗಿ ಹೇಳಬಲ್ಲೆ, ಉಳಿದದ್ದಕ್ಕೆ ಅಳತೆ ಬೇಕು ಎಂದೆ. ಸ್ವಲ್ಪ ಹೊತ್ತು ಬರೆದುಕೊಂಡರು. ಒಪ್ಪಿದರು. ಪದವಿ ಬಂತು. ಆದರೆ ಆ ಉತ್ತರ ಪೂರ್ತಿಯಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅದಾದ ಮೇಲೆ ಊರಿಗೆ ಹೋದಾಗ ದೊಡ್ಡಮ್ಮನ ಎರಡನೆಯ ಕಣ್ಣೂ ಆಗಿತ್ತು. ಜಗುಲಿಯ ಮೇಲೆ ಕುಳಿತು ಅವರೆಕಾಯಿ ಬಿಡಿಸುತ್ತಿದ್ದಳು. ಹುಳ ಇರುವ ಕಾಯನ್ನು ದೂರದಿಂದಲೇ ಗುರುತಿಸಿ ಎಸೆಯುತ್ತಿದ್ದಳು. ನಾನೂ ಪಕ್ಕದಲ್ಲಿ ಕುಳಿತು ಬಿಡಿಸಿದೆ. ಕಣ್ಣು ಕಾಣದಿದ್ದರೂ ಬೆರಳಿಟ್ಟು ಮುಟ್ಟಿದರೆ ಕಂಬದ ಗೀಟು ಸಿಗುತ್ತದೆ, ನೀರೂ ಸಿಗುತ್ತದೆ. ಅಷ್ಟನ್ನು ನಾನೇ ಊಹಿಸಿದ್ದೆ. ಆದರೆ ಕಡೆಯ ಗದ್ದೆಗೆ ನೀರು ಮುಟ್ಟಿತೋ ಇಲ್ಲವೋ, ಪೈರು ಹಳದಿಗೆ ತಿರುಗಿತೋ ಇಲ್ಲವೋ, ಅದು ಬೆರಳಿಗೆ ಸಿಗುವುದಿಲ್ಲ. ಯಾರನ್ನಾದರೂ ಕೇಳಿದ್ದರೆ ಕಣ್ಣಿನ ವಿಷಯ ಊರಿಗೇ ಗೊತ್ತಾಗಿ, ಹಗ್ಗ ಬೇರೆ ಮನೆಯ ಮೊಳೆಗೆ ಹೋಗುತ್ತಿತ್ತು.

"ದೊಡ್ಡಮ್ಮ, ಕಣ್ಣು ಕಾಣದೇ ಇದ್ದ ಆ ಎರಡು ವರ್ಷ ಏರಿ ಮೇಲೆ ನಿಂತ್ಕೊಂಡು ಸರದಿ ಹೇಳ್ತಿದ್ದೆಯಲ್ಲ," ಎಂದೆ. "ನಿನಗೆ ಗೊತ್ತಿತ್ತಾ, ಇಲ್ಲ ಅಂದಾಜಿಗೆ ಹೇಳ್ತಿದ್ದೆಯಾ?"

ಅವಳು ಮೊರವನ್ನು ನನ್ನ ಕಡೆಗೆ ಸರಿಸಿ, ನಾನು ಬಿಡಿಸಿದ ಕಾಳಿನಲ್ಲಿ ಉಳಿದಿದ್ದ ಸಿಪ್ಪೆಗಳನ್ನು ತೋರಿಸಿದಳು. ಆಮೇಲೆ ಎರಡು ಸಲ ಕೇಳಿದ್ದೇನೆ, ಒಂದು ಸಲ ಫೋನಿನಲ್ಲಿ. ಫೋನಿನಲ್ಲಿ ಕೇಳಿದಾಗ, ಊಟ ಆಯ್ತಾ ಎಂದಳು.